ಹಳೇ ಸಬ್‌ಮರೀನರ್, ಹೊಸ ಸಬ್‌ಮರೀನರ್

ರೋಲೆಕ್ಸ್ ಸಬ್‌ಮರೀನರ್ ಹುಟ್ಟಿದ್ದು 1953ರಲ್ಲಿ, ಸಮುದ್ರದಾಳಕ್ಕೆ ಇಳಿಯೋರಿಗಾಗಿ. ಈಗ ಅದನ್ನ ಕಟ್ಟೋರಲ್ಲಿ ಎಷ್ಟೋ ಮಂದಿ ಈಜುಕೊಳಕ್ಕೂ ಇಳಿಯಲ್ಲ, ಬಿಡಿ.

1962ರಿಂದ 1989ರವರೆಗೆ ಬಂದ 5513 ಮಾಡೆಲ್ ನೋಡಿ. ಗಾಜಿನ ಜಾಗದಲ್ಲಿ ಅಕ್ರಿಲಿಕ್. ಬೇಗ ಗೀರು ಬೀಳುತ್ತೆ, ಆದ್ರೆ ಪಾಲಿಶ್ ಹಚ್ಚಿ ಉಜ್ಜಿದ್ರೆ ಹೋಗುತ್ತೆ. ಡಯಲ್ ಸುತ್ತ ತಿರುಗೋ ಬೆಜೆಲ್‌ನ ಕಪ್ಪು ಪಟ್ಟಿ ಅಲ್ಯೂಮಿನಿಯಂನದು. ವರ್ಷಗಟ್ಟಲೆ ಬಿಸಿಲುಂಡು ಬೂದಿ ಬಣ್ಣಕ್ಕೆ ತಿರುಗುತ್ತೆ. ಕತ್ತಲಲ್ಲಿ ಹೊಳೆಯಬೇಕಾದ ಟ್ರಿಟಿಯಂ ಚುಕ್ಕೆಗಳ ಶಕ್ತಿ ಹನ್ನೆರಡು ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತೆ. ಕೊನೆಗೆ ಬೆಳಕೇ ಇಲ್ಲ, ಬರೀ ಕೆನೆ ಬಣ್ಣ. ಹೀಗಾಗಿ ಎರಡು 5513 ಒಂದೇ ಥರ ಕಾಣೋದು ಅಪರೂಪ.

2020ರಲ್ಲಿ ಬಂದ 124060 ಇದಕ್ಕೆಲ್ಲ ಅವಕಾಶವೇ ಕೊಡಲ್ಲ. ಸಫೈರ್ ಗಾಜು, ಬಣ್ಣಗೆಡದ ಸೆರಾಮಿಕ್ ಬೆಜೆಲ್, 200 ಮೀಟರ್ ಬದಲು 300 ಮೀಟರ್ ಆಳ. ಕೇಸ್ 40ರಿಂದ 41 ಮಿ.ಮೀ.ಗೆ ಬಂದಿದೆ. ಸುಮಾರು 70 ಗಂಟೆ ಓಡುತ್ತೆ, ಅಂದ್ರೆ ಶುಕ್ರವಾರ ಸಂಜೆ ಬಿಚ್ಚಿಟ್ರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ್ಲೂ ಟೈಮ್ ಸರಿಯಾಗಿರುತ್ತೆ. ನನಗೆ ತುಂಬಾ ಹಿಡಿಸಿದ್ದು ಕ್ಲಾಸ್ಪ್: ಸೆಕೆಯಲ್ಲಿ ಕೈ ಊದಿಕೊಂಡ್ರೆ ಯಾವ ಟೂಲೂ ಇಲ್ಲದೆ ಎರಡೆರಡು ಮಿ.ಮೀ. ಸಡಿಲಿಸಬಹುದು.

ದಿನಾ ಕಟ್ಟೋಕೆ ಹೊಸದೇ ಸರಿ. ಆದ್ರೆ ಮನೆಯಲ್ಲಿ ಅಜ್ಜನದೋ ಮಾವನದೋ ಹಳೇದಿದ್ರೆ, ಸರ್ವಿಸ್‌ಗೆ ಕೊಡುವಾಗ ಬರೆದೇ ಕೊಡಿ: ಕೇಸ್ ಪಾಲಿಶ್ ಬೇಡ, ಡಯಲ್ಲು, ಮುಳ್ಳು, ಬೆಜೆಲ್ ಬದಲಿಸೋದು ಬೇಡ. ಕಲೆಕ್ಟರ್‌ಗಳು ಹೆಚ್ಚು ದುಡ್ಡು ಕೊಡೋದು ಆ ಮಾಸಿದ ಡಯಲ್ಲಿಗೇ. ಹೊಸ ಡಯಲ್ ಕೂರಿಸಿದ್ರೆ ಬೆಲೆ ದೊಡ್ಡದಾಗೇ ಇಳಿಯುತ್ತೆ. ಪ್ರೆಷರ್ ಟೆಸ್ಟ್ ಮಾಡಿಸದೆ ನೀರಿಗಂತೂ ಇಳಿಸಬೇಡಿ, ಒಳಗಿನ ಗ್ಯಾಸ್ಕೆಟ್ ಒಣಗಿರಬಹುದು.