ಕಾಯುವ ಗಂಟೆಗೂ ಬೆಲೆಯಿದೆ

2025ರ ಡಿಸೆಂಬರಿನಲ್ಲಿ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದಾಗ, ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ನಿಯಮವೇ ಚರ್ಚೆಯ ಕೇಂದ್ರವಾಯಿತು. ಆದರೆ ವಿಶ್ರಾಂತಿಯ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಕರೆ ಬಂದೊಡನೆ ಹಾಜರಾಗಬೇಕಾದ ಮೀಸಲು ಪಾಳಿಯನ್ನೂ ಗಮನಿಸಬೇಕು.

ಸಂಸಾರವನ್ನು ಹೊಳೆನರಸೀಪುರದ ಹಳೇಕೋಟೆಯಲ್ಲಿಟ್ಟು ದೇವನಹಳ್ಳಿಯಿಂದ ಹಾರುವ ಪೈಲಟ್ ಒಬ್ಬರನ್ನು ಊಹಿಸಿಕೊಳ್ಳಿ. ಹಾದಿಯೇ ನಾಲ್ಕೈದು ಗಂಟೆ. ಅಲ್ಪಾವಧಿಯ ಕರೆಗೆ ಓಗೊಡಲು ಅವರು ಹಿಂದಿನ ದಿನವೇ ಹೊರಟು ನಗರದಲ್ಲಿ ಕೋಣೆ ಹಿಡಿಯಬೇಕು. ಕರೆ ಬಾರದಿದ್ದರೂ ದಿನ ವ್ಯರ್ಥ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದು ಒಬ್ಬರ ಅನುಕೂಲದ ವೆಚ್ಚವನ್ನು ಇನ್ನೊಬ್ಬರ ಮೇಲೆ ಹೊರಿಸುವುದು. ದಣಿವಾಗಿ ಅದು ಪ್ರಯಾಣಿಕರನ್ನೂ ತಟ್ಟುತ್ತದೆ.

2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಮಡಿದರು. ಸಹಪೈಲಟ್ ರಾತ್ರಿಯಿಡೀ ದೇಶದ ಪಶ್ಚಿಮ ತೀರದಿಂದ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದರು. ಕ್ಯಾಪ್ಟನ್‌ರ ತಪ್ಪು ಪ್ರತಿಕ್ರಿಯೆಯೇ ಕಾರಣವೆಂದ ತನಿಖೆ, ಇಬ್ಬರ ಕ್ಷಮತೆಯೂ ದಣಿವಿನಿಂದ ಕುಗ್ಗಿದ್ದಿರಬಹುದೆಂದಿತು. 2014ರಲ್ಲಿ ಜಾರಿಯಾದ ಅಲ್ಲಿನ ನಿಯಮ ಅಲ್ಪಾವಧಿ ಮೀಸಲು ಪಾಳಿಗೂ 14 ಗಂಟೆಯ ಮಿತಿ ವಿಧಿಸಿತು.

ದಣಿಯದೆ ಹಾಜರಾಗುವುದು ಪೈಲಟ್‌ನ ಹೊಣೆ, ನಿಜ. ಆದರೆ ದೂರದವರಿಗೆ ದೀರ್ಘ ಮುನ್ಸೂಚನೆಯ ಪಾಳಿ, ಇಲ್ಲವೇ ವಿಮಾನ ನಿಲ್ದಾಣದ ಸಮೀಪ ತಂಗಲು ಕೋಣೆ ಒದಗಿಸುವುದು ಸಂಸ್ಥೆಯ ಹೊಣೆ. ಕಾಯಿಸುವವರೇ ಕಾಯುವಿಕೆಯ ಬೆಲೆ ತೆರಲಿ.