ಮಣ್ಣೆತ್ತೂ ಶಾಲಾ ಪ್ರವಾಸವೂ

ಜ್ಯೇಷ್ಠದ ಅಮಾವಾಸ್ಯೆ ಬಂದಿತೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಜೋಡೆತ್ತುಗಳಿಗೆ ಪೂಜೆ ಸಲ್ಲುತ್ತದೆ. ಮುಂಗಾರಿನೊಡನೆ ಆರಂಭವಾಗುವ ಈ ಮಣ್ಣಿನ ಆರಾಧನೆಯು ಆಷಾಢದ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ ಹಾಗೂ ಜೋಕುಮಾರರವರೆಗೆ ಸಾಗುತ್ತದೆ. ಋತುವಿಗೆ ತಕ್ಕಂತೆ ಕೈಗಳಿಗೆ ಕೆಲಸ ಕಲಿಸಿದ ಈ ಪಾಠಕ್ರಮವನ್ನು ಯಾವ ಇಲಾಖೆಯೂ ರಚಿಸಲಿಲ್ಲ. ಇಂದು ಎಷ್ಟೋ ಮನೆಗಳಿಗೆ ಎತ್ತುಗಳು ಪೇಟೆಯಿಂದ ಬರುತ್ತವೆ. ಮಕ್ಕಳ ಕೈಗೆ ಮಣ್ಣು ಅಂಟುವುದಿಲ್ಲ.

ಅದೇ ಮಕ್ಕಳನ್ನು ನಾವು ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಪುಣೆ–ಬೆಂಗಳೂರು ಹೆದ್ದಾರಿಯ ಬದಿಗೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. 2020ರಲ್ಲಿ ನಮ್ಮನ್ನಗಲಿದ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಅರಳಿದ ಆ ಸಿಮೆಂಟಿನ ಹಳ್ಳಿಯಲ್ಲಿ ರೈತರು, ಎತ್ತುಗಳು, ಕಸುಬುದಾರರು ಜೀವಂತವೆಂಬಂತೆ ನಿಂತಿದ್ದಾರೆ. ಮಕ್ಕಳು ಬೆರಗಾಗುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ. ಆ ಬೆರಗು ಸುಳ್ಳಲ್ಲ. ಆದರೆ ಎತ್ತಿನ ಕೊಂಬನ್ನು ತಿದ್ದುವಾಗ ಮುರಿದು, ಮತ್ತೆ ಹಚ್ಚಿದ ಮಗುವಿಗಷ್ಟೇ ಶಿಲ್ಪಿಯ ಶ್ರಮ ತಿಳಿದೀತು. ಇಲ್ಲವಾದರೆ ನಮ್ಮ ಹಳ್ಳಿಯೇ ಅವರಿಗೆ ಟಿಕೇಟು ಪಡೆದು ನೋಡುವ ವಸ್ತುವಾದೀತು.

ಆದುದರಿಂದ ಪ್ರತಿ ವರ್ಷ ಅಮಾವಾಸ್ಯೆಯ ಮುನ್ನಾದಿನ ತರಗತಿಗಳಲ್ಲಿ ಮಣ್ಣೆತ್ತು ಮಾಡಿಸೋಣ. ಪ್ರವಾಸ ಅನಂತರ ಬರಲಿ. ಶಿಕ್ಷಕರು ಊರ ಕುಂಬಾರರನ್ನು ಗುರುಗಳಾಗಿ ಬರಮಾಡಿಕೊಳ್ಳಲಿ. ಹಿರಿಯ ವಿದ್ಯಾರ್ಥಿಗಳು ತಮ್ಮ ಕೆರೆಯಂಗಳದ ಒಂದು ಬುಟ್ಟಿ ಮಣ್ಣು ತರಲಿ. ದಾನಿಗಳು ಕುಂಬಾರರ ಗೌರವಧನವನ್ನು ವಹಿಸಿಕೊಳ್ಳಲಿ. ಕಟ್ಟಡಕ್ಕೆ ಕೊಟ್ಟ ದಾನದಂತೆ ಇದಕ್ಕೆ ಹೆಸರಿನ ಕಲ್ಲು ನೆಡಲಾಗದು. ಆದರೂ ಕಲಿತ ಕೈಗಳಲ್ಲಿ ಅದು ಉಳಿಯುವುದೆಂದು ನನ್ನ ನಂಬುಗೆ.