ಎಳೆಯರ ವಾದ್ಯಮೇಳಕ್ಕೊಂದು ಕೊಠಡಿ

ಮಗ ಗಿಟಾರ್ ಕೈಗೆತ್ತಿಕೊಂಡೊಡನೆ ಪರೀಕ್ಷೆಯನ್ನು ನೆನಪಿಸಿ ಗದರುವ ತಂದೆತಾಯಿಗಳು ನಮ್ಮಲ್ಲಿ ಹಲವರು. ಆದರೆ ಹದಿಹರೆಯದವರ ಅಪಕ್ವ ವಾದನವೇ ಮುಂದೆ ಜಗತ್ತಿನ ಸಂಗೀತದ ದಿಕ್ಕನ್ನು ಬದಲಿಸಿದ ನಿದರ್ಶನವುಂಟು. 1957ರ ಜುಲೈ 6ರಂದು ಲಿವರ್‌ಪೂಲಿನ ವೂಲ್ಟನ್‌ನಲ್ಲಿ, ಸಂತ ಪೇತ್ರರ ಆಂಗ್ಲಿಕನ್ ದೇವಾಲಯದ ಉತ್ಸವದಲ್ಲಿ, 16ರ ಹರೆಯದ ಜಾನ್ ಲೆನನ್ ಗೆಳೆಯರೊಡನೆ ಹಾಡಿದನು. ಅಂದೇ ಅವನಿಗೆ 15ರ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಬೀಟಲ್ಸ್ ತಂಡದ ಬೀಜ ಬಿದ್ದುದು ಆ ದೇವಾಲಯದ ಅಂಗಳದಲ್ಲಿ.

ನಮ್ಮ ನೆಲದ ಅನುಭವವೂ ಇದೇ. ಬಾದಾಮಿ ಸಮೀಪದ ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅಂಧ ಬಾಲಕರಾಗಿದ್ದ ಪಂಚಾಕ್ಷರಿ ಗವಾಯಿಗಳ ಸಂಗೀತಕ್ಕೆ ಆಸರೆಯಾದರು. ಮುಂದೆ ಗವಾಯಿಗಳು ಊರೂರು ಸಂಚರಿಸಿ, ಬಡಮಕ್ಕಳಿಗೆ ಅನ್ನವಿಕ್ಕಿ ನಾದವನ್ನು ಕಲಿಸಿದರು. ಪುಟ್ಟರಾಜ ಗವಾಯಿಗಳೂ ಬಸವರಾಜ ರಾಜಗುರುಗಳೂ ಎಳವೆಯಲ್ಲೇ ಅವರ ಬಳಿ ಸೇರಿದವರು.

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆಯಾ ಜನರ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ಯೋಗ್ಯ ಸ್ಥಾನ ನೀಡಬೇಕೆಂದು ಸಾರಿತು. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕುಣಿಕೆ ಹಾಕಿ ಜೋಡಿಸುವಂತೆ, ಬಾಗಲಕೋಟೆ, ಹುನಗುಂದ, ಇಳಕಲ್ಲಿನ ನಮ್ಮ ಮಕ್ಕಳು ತಬಲಾ ಹಾರ್ಮೋನಿಯಮ್‌ಗಳೊಡನೆ ಗಿಟಾರನ್ನು ಬೆಸೆಯಬಾರದೇಕೆ?

ಅವರಿಗೆ ಬೇಕಾದುದು ಅಲ್ಪ: ವಾರಕ್ಕೆರಡು ಸಂಜೆ, ಒಂದು ಖಾಲಿ ಕೊಠಡಿ, ಸದ್ದನ್ನು ಸಹಿಸುವ ನೆರೆಹೊರೆ. ಓದಿನ ವೇಳೆಯನ್ನು ಹಿರಿಯರು ಗೊತ್ತುಪಡಿಸಲಿ. ಕೊಠಡಿಯ ಬೀಗದ ಕೈಯನ್ನು ಮಕ್ಕಳಿಗೆ ಕೊಡಲಿ. ತಪ್ಪು ಸ್ವರಗಳನ್ನು ಕೇಳುವ ತಾಳ್ಮೆಯಿಲ್ಲದ ಊರಿಗೆ ಒಳ್ಳೆಯ ಗಾಯಕರು ಎಲ್ಲಿಂದ ಬಂದಾರು?